ವಯಸ್ಕರಲ್ಲಿ ಗಮನ ಕೊರತೆ: ನಿಂದನೆಗೆ ಮೊದಲು ಪರೀಕ್ಷೆ

ಭದ್ರಾವತಿಯಿಂದ ನಿತ್ಯವೂ ಶಿವಮೊಗ್ಗಕ್ಕೆ ಕೆಲಸಕ್ಕೆ ಹೋಗಿಬರುವ ಮೂವತ್ತೈದರ ಗೃಹಸ್ಥರೊಬ್ಬರನ್ನು ಕಲ್ಪಿಸಿಕೊಳ್ಳೋಣ. ಊಟದ ಡಬ್ಬಿ ಮನೆಯಲ್ಲೇ ಉಳಿಯುತ್ತದೆ. ಬಸ್ ಹತ್ತಿದ ಮೇಲೆ ಕಚೇರಿಯ ಬೀಗದ ಕೈ ನೆನಪಾಗುತ್ತದೆ. ನಾಲ್ಕು ಕಡತಗಳನ್ನು ತೆರೆದು ಒಂದನ್ನೂ ಮುಗಿಸಲಾರರು. ಕೈಯಲ್ಲಿ ಹಣವಿದ್ದರೂ ವಿದ್ಯುತ್ ಬಿಲ್ಲಿನ ಗಡುವು ಮೀರುತ್ತದೆ. ಎದುರಿನವರ ಮಾತು ಮುಗಿಯುವ ಮುನ್ನವೇ ಉತ್ತರಿಸಿಬಿಡುತ್ತಾರೆ. ‘ಕಾಯಕದಲ್ಲಿ ಶ್ರದ್ಧೆಯಿಲ್ಲದವನು’ ಎಂಬ ಮಾತನ್ನು ಬಾಲ್ಯದಿಂದಲೇ ಕೇಳಿ ಕೇಳಿ, ಕಡೆಗೆ ಅವರೇ ಅದನ್ನು ನಂಬಿದ್ದಾರೆ. ಇಂಥವರಲ್ಲಿ ಕೆಲವರಿಗೆ ಇರುವುದು ಚಿಕಿತ್ಸೆಗೆ ಒಳಪಡುವ ತೊಂದರೆ. ವೈದ್ಯರು ಇದನ್ನು ಗಮನ ಕೊರತೆ ಮತ್ತು ಅತಿ ಚಟುವಟಿಕೆಯ ತೊಂದರೆ, ಅಂದರೆ ಎಡಿಎಚ್‌ಡಿ, ಎನ್ನುತ್ತಾರೆ.

1902ರಲ್ಲಿ ಲಂಡನ್ನಿನ ವೈದ್ಯ ಜಾರ್ಜ್ ಸ್ಟಿಲ್ ಇಂಥ ಮಕ್ಕಳ ಬಗೆಗೆ ಉಪನ್ಯಾಸ ನೀಡಿದರು. ವಯಸ್ಸಾದಂತೆ ಇದು ತಾನಾಗಿ ಹೋಗುತ್ತದೆಂದು ಬಹುಕಾಲ ನಂಬಲಾಗಿತ್ತು. ಅನೇಕರಲ್ಲಿ ಇದು ಪ್ರೌಢ ವಯಸ್ಸಿಗೂ ಮುಂದುವರಿಯುತ್ತದೆಂದು ಈಗ ತಿಳಿದಿದೆ. ಓಡಾಟದ ಚಡಪಡಿಕೆ ತಗ್ಗಿದರೂ ಒಳಗಿನ ಚಡಪಡಿಕೆ, ಮರೆವು, ದುಡುಕು ಉಳಿಯುತ್ತವೆ. ಶಾಲೆಯಲ್ಲಿ ಗಲಾಟೆ ಮಾಡದೆ ಕಿಟಕಿಯಾಚೆ ನೋಡುತ್ತ ಕುಳಿತಿದ್ದ ಹೆಣ್ಣುಮಕ್ಕಳು ಯಾರ ಕಣ್ಣಿಗೂ ಬೀಳದೆ ಗೃಹಿಣಿಯರಾಗಿರುವುದೂ ಉಂಟು. ಈ ತೊಂದರೆ ಬಹುಮಟ್ಟಿಗೆ ವಂಶವಾಹಿಯಾದುದರಿಂದ, ಮಗುವಿನ ಪರೀಕ್ಷೆಯ ವೇಳೆ ತಂದೆಗೋ ತಾಯಿಗೋ ತಮ್ಮದೇ ಕಥೆ ಹೊಳೆಯುವುದುಂಟು.

ನಿರ್ಣಯ ಹೇಗೆ?

ಇದನ್ನು ರಕ್ತಪರೀಕ್ಷೆಯಾಗಲಿ ಮೆದುಳಿನ ಸ್ಕ್ಯಾನ್ ಆಗಲಿ ಹೇಳಲಾರದು. ಮನೋವೈದ್ಯರ ವಿವರವಾದ ಸಂದರ್ಶನವೇ ಆಧಾರ. ಅಮೆರಿಕದ ಮನೋವೈದ್ಯರ ಸಂಘವು 2013ರಲ್ಲಿ ಪ್ರಕಟಿಸಿದ ಮಾನದಂಡದಲ್ಲಿ ಗಮನ ಕೊರತೆಯ 9, ಅತಿ ಚಟುವಟಿಕೆ ಹಾಗೂ ದುಡುಕಿನ 9 ಲಕ್ಷಣಗಳಿವೆ. ವಯಸ್ಕರಲ್ಲಿ ಯಾವುದಾದರೊಂದು ಗುಂಪಿನ ಕನಿಷ್ಠ 5 ಲಕ್ಷಣಗಳು 6 ತಿಂಗಳಾದರೂ ಇರಬೇಕು, ಮನೆ, ಕಚೇರಿ ಹೀಗೆ ಒಂದಕ್ಕಿಂತ ಹೆಚ್ಚು ಕಡೆ ಕಾಣಬೇಕು, ಬದುಕಿಗೆ ಅಡ್ಡಿಯಾಗಿರಬೇಕು, ಹಲವು ಲಕ್ಷಣಗಳು 12 ವರ್ಷಕ್ಕೆ ಮುನ್ನವೇ ಇದ್ದಿರಬೇಕು.

ಈ ಕೊನೆಯ ನಿಯಮವೇ ಮುಖ್ಯ. ಕಳೆದ ವರ್ಷದಿಂದಷ್ಟೇ ಮನಸ್ಸು ನಿಲ್ಲದಿದ್ದರೆ ಕಾರಣ ಬೇರೆಯಿರಬಹುದು. ಖಿನ್ನತೆ, ಆತಂಕ, ಥೈರಾಯ್ಡ್ ತೊಂದರೆ, ಮದ್ಯಪಾನ, ನಿದ್ರೆಯಲ್ಲಿ ಉಸಿರುಕಟ್ಟುವಿಕೆ ಇವೆಲ್ಲವೂ ಗಮನವನ್ನು ಕದಡುತ್ತವೆ. ರಾತ್ರಿಪಾಳಿಯ ನಿದ್ರೆಗೇಡು ಏನು ಮಾಡುತ್ತದೆಂಬುದನ್ನು ಕಾರ್ಖಾನೆಗಳ ಊರಾದ ಭದ್ರಾವತಿಯವರಿಗೆ ವಿವರಿಸಬೇಕಿಲ್ಲ. ಆದ್ದರಿಂದ ವೈದ್ಯರಲ್ಲಿಗೆ ಹೋಗುವಾಗ ಬಾಲ್ಯವನ್ನು ಬಲ್ಲ ತಾಯಿಯನ್ನೋ ಅಣ್ಣನನ್ನೋ ಕರೆದೊಯ್ಯುವುದು, ಹಳೆಯ ಅಂಕಪಟ್ಟಿಗಳಿದ್ದರೆ ಒಯ್ಯುವುದು ಒಳಿತು. ಮೊಬೈಲಿನ ಪ್ರಶ್ನಾವಳಿ ಸಂಶಯವನ್ನು ಸೂಚಿಸಬಲ್ಲದು, ರೋಗವನ್ನು ನಿರ್ಣಯಿಸಲಾರದು.

ಚಿಕಿತ್ಸೆ

ಮಿಥೈಲ್‌ಫೆನಿಡೇಟ್, ಅಟೊಮಾಕ್ಸೆಟಿನ್ ಎಂಬ ಔಷಧಗಳು ಬಳಕೆಯಲ್ಲಿವೆ. ಮೊದಲನೆಯದು ಬೇಗನೆ ಕೆಲಸ ಮಾಡುತ್ತದೆ. ಎರಡನೆಯದಕ್ಕೆ ಕೆಲವು ವಾರಗಳು ಬೇಕು. ಹಸಿವು, ನಿದ್ರೆ ಕುಗ್ಗಬಹುದು. ನಾಡಿಬಡಿತ, ರಕ್ತದೊತ್ತಡ ಏರಬಹುದು. ಹೃದಯದ ತೊಂದರೆಯಿದ್ದರೆ ಮೊದಲೇ ತಿಳಿಸಬೇಕು. ಮಿಥೈಲ್‌ಫೆನಿಡೇಟ್ 1985ರ ಮಾದಕವಸ್ತು ಕಾಯ್ದೆಯ ನಿಯಂತ್ರಣಕ್ಕೆ ಒಳಪಟ್ಟಿದೆ. ಒಬ್ಬರಿಗೆ ಬರೆದುಕೊಟ್ಟ ಮಾತ್ರೆಯನ್ನು ಇನ್ನೊಬ್ಬರು ನುಂಗುವುದು ಅಪಾಯಕರ.

ಔಷಧ ಮನಸ್ಸನ್ನು ನಿಲ್ಲಿಸಲು ನೆರವಾಗುತ್ತದೆ. ದಿನವನ್ನು ಕ್ರಮಗೊಳಿಸುವುದನ್ನು ನಾವೇ ಕಲಿಯಬೇಕು. ದೊಡ್ಡ ಕೆಲಸವನ್ನು ಚಿಕ್ಕದಾಗಿ ಒಡೆಯುವುದು, ನಾಳಿನ ಕೆಲಸವನ್ನು ಇಂದೇ ಬರೆದಿಡುವುದು, ಕೀಲಿ ಮತ್ತು ಕನ್ನಡಕಕ್ಕೆ ಒಂದೇ ಜಾಗ, ಗಡುವಿಗೆ ಅಲಾರಂ: ಇವನ್ನು ಆಪ್ತಸಮಾಲೋಚಕರು ಹಂತಹಂತವಾಗಿ ರೂಢಿಸುತ್ತಾರೆ. ನಿಯಮಿತ ನಿದ್ರೆ, ನಡಿಗೆಯೂ ಸಹಾಯಕ.

ಎಲ್ಲಿಗೆ ಹೋಗಬೇಕು?

ಶಿವಮೊಗ್ಗದ ಮೆಗ್ಗಾನ್ ಬೋಧನಾ ಆಸ್ಪತ್ರೆಯಲ್ಲಿ ಮನೋವೈದ್ಯ ವಿಭಾಗವಿದೆ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲಿರುಳು ಉಚಿತವಾಗಿ ಕರೆಮಾಡಿ ಕನ್ನಡದಲ್ಲೇ ಮಾತನಾಡಬಹುದು. ಜಟಿಲ ಪ್ರಕರಣಗಳಿಗೆ ಬೆಂಗಳೂರಿನ ನಿಮ್ಹಾನ್ಸ್ ಇದೆ. ಚಿಕಿತ್ಸೆಯ ವಿವರವನ್ನು ಗೋಪ್ಯವಾಗಿಡಬೇಕೆಂದು 2017ರ ಮಾನಸಿಕ ಆರೋಗ್ಯ ಕಾಯ್ದೆ ವಿಧಿಸುತ್ತದೆ. ಮನಸ್ಸಿನ ಕಾಯಿಲೆಯ ಬಗೆಗಿನ ಸಂಕೋಚವನ್ನು ಕಳೆಯಲು ಮನೋವೈದ್ಯ ಡಾ. ಅಶೋಕ್ ಪೈ ಅವರು ಶಿವಮೊಗ್ಗದಲ್ಲಿದ್ದುಕೊಂಡು ಚಿಕಿತ್ಸೆಯ ಜೊತೆಗೆ ಬರಹ, ಚಲನಚಿತ್ರಗಳ ಮೂಲಕವೂ ಶ್ರಮಿಸಿದರು. ಅಂಥ ಊರಿನವರಾದ ನಾವು ಹಿಂಜರಿಯಬೇಕಿಲ್ಲ.

ಮನೆಯವರಿಗೆ ಒಂದು ಮಾತು. ‘ಮನಸ್ಸಿಟ್ಟು ಮಾಡು’ ಎಂದು ಅವರಿಗೆ ಈವರೆಗೆ ಸಾವಿರ ಸಲ ಹೇಳಿದ್ದೇವೆ. ಮನಸ್ಸಿಡಲೆಂದೇ ಅವರು ಹೆಣಗುತ್ತಿದ್ದಾರೆ. ಇನ್ನೊಮ್ಮೆ ಹೇಳುವ ಬದಲು, ಆ ದಿನ ಆಸ್ಪತ್ರೆಗೆ ಜೊತೆಯಲ್ಲಿ ಹೋಗೋಣ.