ಬೇಸಗೆಯಲ್ಲಿ ಬತ್ತುವ ಹಳ್ಳ
(ಪಾಠ: ಯೋಬ 6:14-20)

ಪ್ರಿಯರೇ, ಎಲ್ಲೂರಿನವರಾದ ನಾವು ಹಿಮದ ಹೊಳೆಯನ್ನು ಕಂಡವರಲ್ಲ. ನಮ್ಮ ಸೀತಾನದಿಗೆ ಮಳೆಯೇ ಆಧಾರವು. ಆಗುಂಬೆಯ ಘಟ್ಟದಲ್ಲಿ ವರುಷಕ್ಕೆ 7000 ಮಿಲಿಮೀಟರಿಗೂ ಮಿಕ್ಕ ಮಳೆ ಸುರಿಯುವದು. ಆಟಿಯಲ್ಲಿ ಕೂಡ್ಲುತೀರ್ಥದ ಅಬ್ಬಿಯು ಭೋರ್ಗರೆಯುವದು, ಬೇಸಗೆಯಲ್ಲಿ ಕ್ಷೀಣಿಸುವದು. ಗಂಗೆಯಾದರೋ ಗಂಗೋತ್ರಿಯ ಸುಮಾರು 30 ಕಿಲೋಮೀಟರು ಉದ್ದದ ಹಿಮರಾಶಿಯಿಂದ ಹೊರಡುವದರಿಂದ ಬೇಸಗೆಯಲ್ಲಿಯೂ ತುಂಬಿ ಹರಿಯುವದು.

ಯೋಬನು ಹೇಳಿದ ಹಳ್ಳಗಳಲ್ಲಿ ಹಿಮವಿದ್ದರೂ ಅದು ಸೆಕೆಗೆ ತಾಳಲಿಲ್ಲ. ನೀರನ್ನು ನಂಬಿ ಬಂದ ಪಯಣಿಗರು ಆಶಾಭಂಗಪಟ್ಟರು. ಅವನ ಸ್ನೇಹಿತರೂ ಹಾಗೆಯೇ ಇದ್ದರು.

ಸಹೋದರರೇ, ಕೊಯ್ಲಿನ ದಿನ ನಮ್ಮ ಅಂಗಳಕ್ಕೆ ಬರುವವರು ಅನೇಕರು. ಸಾಲದಲ್ಲಿಯೂ ರೋಗದಲ್ಲಿಯೂ ಬಿದ್ದವನ ಬಾಗಲಿಗೆ ಹೋಗುವವರು ಯಾರು? ಹೊಳೆಯನ್ನು ಅದರ ಶಬ್ದದಿಂದಲ್ಲ, ಮೂಲದಿಂದ ತಿಳಿಯಬೇಕು. ಬತ್ತದ ಮೂಲವಾದ ಕರ್ತನಲ್ಲಿ ನೆಲೆಗೊಂಡು, ಈ ವಾರವೇ ಅಂಥ ಒಬ್ಬನನ್ನು ಹೋಗಿ ಕಾಣಿರಿ.