ಸಂಧಿವಾತವೂ ಕರುಳಿನ ಜೀವಾಣುಗಳೂ



ಎಲ್ಲಿ ಕೆರಳಬೇಕು, ಎಲ್ಲಿ ಸೈರಿಸಬೇಕು ಎಂಬ ಸಂಯಮವನ್ನು ಶರೀರದ ರಕ್ಷಣಾಕಣಗಳು ಕರುಳಿನ ಸೂಕ್ಷ್ಮಜೀವಿಗಳ ಸಹವಾಸದಲ್ಲಿ ಬಹುಮಟ್ಟಿಗೆ ಕಲಿಯುವುದರಿಂದ, ಸಂಧಿವಾತಕ್ಕೂ ಆ ಜೀವಿಗಳಿಗೂ ನಂಟಿದೆಯೇ ಎಂಬ ತಮ್ಮ ಪ್ರಶ್ನೆ ಅಸಂಗತವಲ್ಲ. ಇನ್ನೂ ಔಷಧ ತೊಡಗದ ಹೊಸ ಸಂಧಿವಾತರೋಗಿಗಳಲ್ಲಿ ಪ್ರಿವೊಟೆಲ್ಲಾ ಕೋಪ್ರಿ ಎಂಬ ಬ್ಯಾಕ್ಟೀರಿಯ ಅಧಿಕವಾಗಿರುವುದನ್ನು 2013ರಲ್ಲಿ ನ್ಯೂಯಾರ್ಕಿನ ಸಂಶೋಧಕರು ಕಂಡರು. ಅದು ರೋಗದ ಕಾರಣವೋ ಕಾರ್ಯವೋ ಎಂಬುದು ಅಷ್ಟರಿಂದ ಸಿದ್ಧವಾಗದು. ಕರುಳಿನ ಜೀವಾಣುಗಳ ಹಿತಕ್ಕೆಂದು ಮಜ್ಜಿಗೆಯನ್ನು ಧಾರಾಳವಾಗಿ ಕುಡಿಯಿರಿ, ಆಕ್ಷೇಪವಿಲ್ಲ. ಆದರೆ ಅದನ್ನೇ ನಂಬಿ ಮಾತ್ರೆ ನಿಲ್ಲಿಸಿದಲ್ಲಿ ಕೀಲುಗಳು ಶಾಶ್ವತವಾಗಿ ವಿರೂಪಗೊಂಡಾವು. ತಾವು ಸೇವಿಸುತ್ತಿರುವ ಸಲ್ಫಸಲಜೀನನ್ನೇ ನೋಡಿರಿ: ಸ್ವೀಡನ್ನಿನ ವೈದ್ಯೆ ನನ್ನಾ ಸ್ವಾರ್ಟ್ಸ್ ಸಂಧಿವಾತಕ್ಕೆಂದೇ ಯೋಜಿಸಿದ ಆ ಔಷಧವನ್ನು ಎರಡಾಗಿ ಸೀಳುವವು, ಆಶ್ಚರ್ಯವೆನ್ನಿ, ದೊಡ್ಡಕರುಳಿನ ಬ್ಯಾಕ್ಟೀರಿಯಗಳೇ! ಆಂಟಿಬಯೋಟಿಕ್ ಆ ಬ್ಯಾಕ್ಟೀರಿಯಗಳನ್ನೂ ಕೊಲ್ಲಬಹುದು; ಆದುದರಿಂದ ಬೇರಾವುದಾದರೂ ವ್ಯಾಧಿಗೆ ಯಾರಾದರೂ ಆಂಟಿಬಯೋಟಿಕ್ ಬರೆದುಕೊಡುವಾಗ ಈ ಮಾತ್ರೆಯ ವಿಷಯವನ್ನು ಅವರಿಗೆ ತಪ್ಪದೆ ತಿಳಿಸಿರಿ.