ಮೊದಲು ಪರ್ಮಿಟ್, ಆಮೇಲೆ ಟಿಕೆಟ್

ಲಕ್ಷದ್ವೀಪಕ್ಕೆ ಹೋಗಿಬಂದೆವು ಅಂದರೆ ದೊಡ್ಡಬಳ್ಳಾಪುರದಲ್ಲಿ ಯಾರೂ ಸಮುದ್ರದ ಬಣ್ಣ ಕೇಳುವುದಿಲ್ಲ. "ಒಟ್ಟು ಎಷ್ಟು ಬಿತ್ತಣ್ಣ?" ಅಂತಲೇ ಶುರುಮಾಡುತ್ತಾರೆ. ನಾನು, ಹೆಂಡತಿ, ಮಗಳು ಮೂವರಿಗೆ 75 ಸಾವಿರದೊಳಗೆ ಮುಗಿಯಿತು. ಈ ಮೊತ್ತ ಕೇಳಿ ಸುಮ್ಮನಾಗುವವರನ್ನು ನಾನು ಬಿಡುವುದಿಲ್ಲ, ಕೂರಿಸಿಕೊಂಡು ಇನ್ನೊಂದು ಮಾತು ಹೇಳುತ್ತೇನೆ: ಈ ಹಣ ಯಾವ ಕ್ರಮದಲ್ಲಿ ಕೈಬಿಡಬೇಕು ಅನ್ನುವುದು. ಊಟಿಗೋ ಗೋವಾಕ್ಕೋ ಹೊರಟಾಗ ಕ್ರಮ ಹಿಂದುಮುಂದಾದರೂ ನಡೆದುಹೋಗುತ್ತದೆ. ದ್ವೀಪದ ವಿಷಯದಲ್ಲಿ ನಡೆಯುವುದಿಲ್ಲ.

2024ರ ಮಾರ್ಚ್ 31ರಂದು ಇಂಡಿಗೋ ಬೆಂಗಳೂರಿನಿಂದ ಅಗತ್ತಿಗೆ ನೇರ ವಿಮಾನ ಆರಂಭಿಸಿದಾಗ ನಮ್ಮ ಜಿಲ್ಲೆಯವರಿಗೆ ಆ ದ್ವೀಪ ಪಕ್ಕದ ತಾಲ್ಲೂಕಿನ ಹಾಗೆ ಕಂಡಿತು. ವಿಮಾನ ನಿಲ್ದಾಣ ಇರುವುದೇ ದೇವನಹಳ್ಳಿಯಲ್ಲಲ್ಲವೇ! ಆ ದೇವನಹಳ್ಳಿಯಲ್ಲಿ ಹುಟ್ಟಿದ ಟಿಪ್ಪುವಿನ ಬಳಿಗೆ 1780ರ ದಶಕದಲ್ಲಿ ಅಮಿನಿ ದ್ವೀಪದವರು ಮಂಗಳೂರಿಗೆ ಬಂದು, ಕಣ್ಣೂರಿನ ಅರಕ್ಕಲ್ ಮನೆತನದ ಆಳ್ವಿಕೆ ಸಾಕಾಗಿದೆ, ನಮ್ಮನ್ನು ನೀವೇ ವಹಿಸಿಕೊಳ್ಳಿ ಎಂದು ಕೇಳಿಕೊಂಡಿದ್ದರು. ಹಾಗೆ ಮೈಸೂರಿಗೆ ಬಂದ ಐದು ದ್ವೀಪಗಳು 1799ರ ನಂತರ ಬ್ರಿಟಿಷರ ಕೈಸೇರಿ, 1956ರವರೆಗೂ ದಕ್ಷಿಣ ಕನ್ನಡ ಜಿಲ್ಲೆಯೊಳಗೇ ಇದ್ದವು. ಅಗತ್ತಿ ಆ ಐದರಲ್ಲಿ ಇಲ್ಲ. ಆದರೂ ನಮಗೂ ಆ ಕಡಲಿಗೂ ಸಂಬಂಧ ಹಳೆಯದು ಅನ್ನುವುದು ನನಗೆ ಖುಷಿಯ ಸಂಗತಿ.

ಈಗ ಹಣದ ಮಾತು. ಲಕ್ಷದ್ವೀಪ ಭಾರತದೊಳಗೇ ಇದ್ದರೂ ಹೊರಗಿನವರು ಪರ್ಮಿಟ್ ಇಲ್ಲದೆ ಕಾಲಿಡುವಂತಿಲ್ಲ. ಇದು 1967ರಿಂದಲೂ ಇರುವ ನಿಯಮ. ಅರ್ಜಿ ಆನ್‌ಲೈನ್‌ನಲ್ಲೇ ಹಾಕಬಹುದು. ನಮ್ಮಿಂದ ಕೇಳಿದ್ದು ಗುರುತಿನ ಚೀಟಿ, ಫೋಟೊ, ಪೊಲೀಸ್ ಪರಿಶೀಲನಾ ಪ್ರಮಾಣಪತ್ರ ಮತ್ತು ಅಲ್ಲಿ ನಮ್ಮನ್ನು ಇಳಿಸಿಕೊಳ್ಳುವವರ ಒಪ್ಪಿಗೆ. ಪ್ರಮಾಣಪತ್ರಕ್ಕೆ ಸೇವಾ ಸಿಂಧುವಿನಲ್ಲಿ ಅರ್ಜಿ ಹಾಕಿ, ಠಾಣೆಯವರು ಕರೆದಾಗ ಹೋಗಿಬಂದರೆ ಆಯಿತು. ಇದಕ್ಕೆಲ್ಲ ತಗಲುವ ಶುಲ್ಕ ಸಣ್ಣದು, ಹಿಡಿಯುವ ಸಮಯ ದೊಡ್ಡದು. ಇಷ್ಟರೊಳಗೆ ಮೊಬೈಲಿನಲ್ಲಿ ವಿಮಾನದ ಆಫರ್ ಬರುತ್ತದೆ. "ಇಂದೇ ಕೊನೆಯ ದಿನ" ಎಂದು ಓದಿ ಬುಕ್ ಮಾಡಿಬಿಟ್ಟರೆ, ಪರ್ಮಿಟ್ ತಡವಾದಾಗ ಆ ಅಗ್ಗದ ಟಿಕೆಟ್ಟಿನಲ್ಲಿ ವಾಪಸ್ ಸಿಗುವುದು ಅತಿ ಕಡಿಮೆ. ಮೊದಲು ಹೋಂಸ್ಟೇಯವರೊಂದಿಗೆ ಮಾತು, ಆಮೇಲೆ ಪರ್ಮಿಟ್, ಆಮೇಲೆ ಹೋಗಿಬರುವ ಟಿಕೆಟ್. ಟಿಕೆಟ್ ಸ್ವಲ್ಪ ದುಬಾರಿಯಾದರೂ ಚಿಂತೆಯಿಲ್ಲ.

ನಾವು ವಿಮಾನ ಬಿಟ್ಟು ರೈಲು, ಹಡಗು ಹಿಡಿದೆವು. ಎರ್ನಾಕುಲಂಗೆ ರಾತ್ರಿ ರೈಲು. ಅಲ್ಲಿಂದ ಕೊಚ್ಚಿಯ ವಿಲ್ಲಿಂಗ್ಡನ್ ದ್ವೀಪಕ್ಕೆ ಆಟೊ. ಅಲ್ಲಿ ಹಡಗು ಹತ್ತಿದರೆ ಯಾವ ದ್ವೀಪ ಅನ್ನುವುದರ ಮೇಲೆ ಹದಿನಾಲ್ಕರಿಂದ ಇಪ್ಪತ್ತು ಗಂಟೆ. ಹಡಗಿನಲ್ಲಿ ಕ್ಯಾಬಿನ್ ಇದೆ, ಬಂಕ್ ಇದೆ, ದರದಲ್ಲಿ ಬಹಳ ಅಂತರವಿದೆ. ವಾಂತಿಯಾಗುವವರು ಮಾತ್ರೆಯನ್ನು ಊರಿನಿಂದಲೇ ತೆಗೆದುಕೊಂಡು ಹೋಗಿ. ಒಂದು ವಿಷಯ ನೆನಪಿರಲಿ: ನಮಗೆ ಅದು ಪ್ರವಾಸದ ಹಡಗು, ದ್ವೀಪದವರಿಗೆ ಕೊಚ್ಚಿಯ ಆಸ್ಪತ್ರೆಗೆ, ಕಾಲೇಜಿಗೆ ಹೋಗುವ ದಾರಿ. ಹೋಗುವುದಿಲ್ಲವೆಂದು ಗೊತ್ತಾದ ದಿನವೇ ಟಿಕೆಟ್ ರದ್ದು ಮಾಡಿ. ನಿಮ್ಮ ಜೇಬಿಗೂ ಒಳ್ಳೆಯದು, ಆ ಸೀಟು ಬೇಕಾದವರಿಗೂ ಸಿಗುತ್ತದೆ.

ಹವಾಮಾನ ಕೆಟ್ಟರೆ ಹಡಗು ಹೊರಡುವುದಿಲ್ಲ. ಅಗತ್ತಿಯ ರನ್‌ವೇ ಚಿಕ್ಕದು, ಅಲ್ಲಿಗೆ ಇಳಿಯುವುದು ಸಣ್ಣ ಎಟಿಆರ್ ವಿಮಾನ; ಅದೂ ಹವಾಮಾನಕ್ಕೆ ತಲೆಬಾಗಬೇಕು. ಹಾಗಾಗಿ ಒಟ್ಟು ಅಂದಾಜಿನ ಐದನೇ ಒಂದು ಭಾಗವನ್ನು ನಾನು ಮೊದಲೇ ಬೇರೆ ಇಟ್ಟಿದ್ದೆ. ನಮ್ಮ ವಾಪಸ್ ಹಡಗು ಮುಂದಕ್ಕೆ ಹೋದಾಗ ಹೆಚ್ಚುವರಿ ಊಟ ವಸತಿಗೆ, ಎರ್ನಾಕುಲಂನಿಂದ ಮತ್ತೆ ರೈಲು ಟಿಕೆಟ್ಟಿಗೆ ಆ ಹಣವೇ ಬಂತು. ಹೋಂಸ್ಟೇಯ ಅಕ್ಕ "ದುಡ್ಡಿನ ಬಗ್ಗೆ ಯೋಚನೆ ಮಾಡಬೇಡಿ, ಹಡಗು ಬಂದಾಗ ಹೋಗಿ" ಅಂದರು. ಅವರು ಹಾಗೆ ಅಂದದ್ದಕ್ಕೇ ಕೊಡುವುದನ್ನು ಪೂರ್ತಿ ಕೊಟ್ಟೆವು. ಈ ಮೀಸಲು ಇಲ್ಲದವರು ದ್ವೀಪಕ್ಕೆ ಹೊರಡಲೇಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ದ್ವೀಪದಲ್ಲಿ ತೆಂಗು, ಮೀನು ಬಿಟ್ಟರೆ ಉಳಿದ ಬಹುಪಾಲು ಹೊರಗಿನಿಂದ ಬರುತ್ತದೆ. ತರಕಾರಿ, ಸಿಮೆಂಟು, ಜಲ್ಲಿ ಮುಂತಾದವು ನಮ್ಮ ಮಂಗಳೂರಿನ ಹಳೆ ಬಂದರಿನಿಂದಲೂ ಮಂಜಿ ಎಂಬ ಸರಕು ದೋಣಿ ಹತ್ತುತ್ತವೆ. ಬೀನ್ಸ್ ಪಲ್ಯಕ್ಕೆ ನಮ್ಮೂರಿನ ದರ ನಿರೀಕ್ಷಿಸಿ ಚೌಕಾಸಿ ಮಾಡುವುದು ನ್ಯಾಯವಲ್ಲ. ಅವರು ತಿನ್ನುವ ಚೂರೆ ಮೀನು, ತೆಂಗಿನಕಾಯಿ ತಿಂದರೆ ಖರ್ಚೂ ಕಡಿಮೆ, ರುಚಿಯೂ ಹೆಚ್ಚು. ಸಸ್ಯಾಹಾರಿಗಳು ಬುಕ್ ಮಾಡುವಾಗಲೇ ಹೇಳಿಬಿಡಿ. ಬಂಗಾರಂ ದ್ವೀಪದ ಹೊರತು ಬೇರೆಲ್ಲೂ ಮದ್ಯವಿಲ್ಲ, ಚೀಲದಲ್ಲಿ ಒಯ್ಯುವ ಹಾಗೂ ಇಲ್ಲ. ಕೊಚ್ಚಿಯಿಂದ ಸಮುದ್ರದಡಿ ಎಳೆದ ಫೈಬರ್ ಕೇಬಲ್ 2024ರ ಜನವರಿ 3ರಂದು ಉದ್ಘಾಟನೆಯಾದ ಮೇಲೆ ಇಂಟರ್‌ನೆಟ್ ಸುಧಾರಿಸಿದೆ, ಫೋನ್‌ಪೇ ನಡೆಯುತ್ತದೆ. ಆದರೂ ಮೂರು ದಿನದ ಖರ್ಚಿನಷ್ಟು ನಗದು ಇರಲಿ, ನೂರು ಐವತ್ತರ ನೋಟುಗಳಲ್ಲಿ. ದಡದಲ್ಲಿ ಬಿದ್ದ ಹವಳದ ತುಂಡನ್ನೂ ಮುಟ್ಟಬೇಡಿ. ವನ್ಯಜೀವಿ ಕಾಯ್ದೆಯಡಿ ಅದು ಹುಲಿಯಷ್ಟೇ ರಕ್ಷಿತ, ಸಿಕ್ಕಿಬಿದ್ದರೆ ಜೈಲು.

ಇನ್ನು ಹಣ ಎಲ್ಲಿಂದ ತರುವುದು? ನಮ್ಮ ಊರಿನಲ್ಲಿ ಬಹುತೇಕರ ಆದಾಯ ತಿಂಗಳ ಸಂಬಳವಲ್ಲ. ಮಗ್ಗದವರಿಗೆ ಸೀರೆ ಕೊಟ್ಟಾಗ ಕೂಲಿ, ಹಸು ಸಾಕಿದವರಿಗೆ ಡೈರಿಯ ಬಟವಾಡೆ. ಇಂಥವರಿಗೆ ಪಿಗ್ಮಿ ಒಳ್ಳೆಯ ದಾರಿ ಎನ್ನುವುದು ನನ್ನ ಅನುಭವ. 1925ರಲ್ಲಿ ಉಡುಪಿಯಲ್ಲಿ, ಕಷ್ಟಕ್ಕೆ ಸಿಲುಕಿದ್ದ ಕೈಮಗ್ಗದ ನೇಕಾರರಿಗೆ ನೆರವಾಗಲೆಂದು ಹುಟ್ಟಿದ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ದಿನಕ್ಕೆ ಎರಡಾಣೆ ಕೂಡಿಸುವ ಪಿಗ್ಮಿ ತಂದಿತು. ಲಕ್ಷದ್ವೀಪದಲ್ಲಿ ಬೇರೂರಿದ ಬ್ಯಾಂಕೂ ಅದೇ. 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ನಾವು ದಿನಕ್ಕೆ 200 ರೂಪಾಯಿಯಂತೆ ಕಟ್ಟಿದೆವು, ವರ್ಷಕ್ಕೆ 73 ಸಾವಿರ. ಪಿಗ್ಮಿಗೆ ಬಡ್ಡಿ ಕಡಿಮೆ. ತಿಂಗಳ ಸಂಬಳ ಇರುವವರಿಗೆ ಆರ್‌ಡಿಯೇ ಮೇಲು. ಎರಡೂ ಬೇಡವೆಂದು 75 ಸಾವಿರದ ಪರ್ಸನಲ್ ಲೋನ್ ತೆಗೆದರೆ, ಶೇ 16ರ ಬಡ್ಡಿಯಲ್ಲಿ 12 ಕಂತಿಗೆ ತಿಂಗಳಿಗೆ ಸುಮಾರು 6,800 ರೂಪಾಯಿ. ಬಡ್ಡಿಯೇ 6,600 ದಾಟುತ್ತದೆ, ಪ್ರೊಸೆಸಿಂಗ್ ಶುಲ್ಕ ಬೇರೆ.

ಅಲ್ಲಿ ಪ್ರವಾಸಕ್ಕೆ ಒಳ್ಳೆಯ ಕಾಲ ಅಕ್ಟೋಬರಿನಿಂದ ಮೇ ಮಧ್ಯದವರೆಗೆ. ಮುಂದಿನ ಬೇಸಿಗೆ ರಜೆಗೆ ಮಕ್ಕಳನ್ನು ಕರೆದೊಯ್ಯುವ ಮನಸ್ಸಿದ್ದರೆ ಪಿಗ್ಮಿ ಈ ವಾರವೇ ಶುರುವಾಗಲಿ, ಪೊಲೀಸ್ ಪ್ರಮಾಣಪತ್ರದ ಅರ್ಜಿ ಸಂಕ್ರಾಂತಿ ಮುಗಿದ ಕೂಡಲೇ ಹೋಗಲಿ.